ಚೆಂಡು ನುಂಗಿದ ಪೆಟ್ಟಿಗೆ

ನನ್ನ ಗಂಡನಿಗೆ ಮಾಡಲು ಬಾರದ ಒಂದೇ ಒಂದು ವಸ್ತು ಈ ಲೋಕದಲ್ಲಿದ್ದರೆ ಅದು ಸರಿಯಾದ ತಳವಿರುವ ಪೆಟ್ಟಿಗೆ. ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ, ಅದು ಅವರ ಕಸುಬು. ನಲವತ್ತು ವರ್ಷ ಊರೂರು ತಿರುಗಿ ಜಾದೂ ಮಾಡಿದ ಮನುಷ್ಯ. ಪಾರಿವಾಳ, ಕೈಗಡಿಯಾರ, ಯಾರದೋ ಕನ್ನಡಕ, ಕಟ್ಟಿಕೊಂಡ ಹೆಂಡತಿ, ಏನು ಕೊಟ್ಟರೂ ಮಂಗಮಾಯ. ಆ ಕಟ್ಟಿಕೊಂಡವಳು ನಾನೇ. ವಾರಕ್ಕೆ ನಾಲ್ಕು ಸಲ ನನ್ನನ್ನು ಗರಗಸದಿಂದ ಎರಡು ತುಂಡು ಮಾಡಿದ್ದಾರೆ ಪುಣ್ಯಾತ್ಮ. ಈಗ ಸೊಂಟ ನೋವು ಅಂದರೆ, "ನಿನ್ನ ಸೊಂಟಕ್ಕೇನಾಗಿದೆ ಧಾಡಿ?" ಅಂತ ನನ್ನನ್ನೇ ಕೇಳುತ್ತಾರೆ.

ನಮಗೆ ಒಬ್ಬಳೇ ಮಗಳು. ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಸೇರಿದಾಗ ಇವರು ಮೂರು ದಿನ ಮುಖ ಊದಿಸಿಕೊಂಡು ಕೂತಿದ್ದರು. ಅಪ್ಪ ಜೀವಮಾನವೆಲ್ಲ ಒಳಗಿದ್ದದ್ದನ್ನು ಮುಚ್ಚಿಟ್ಟು ಅನ್ನ ತಿಂದವರು, ಮಗಳು ಒಳಗಿದ್ದದ್ದನ್ನು ಬಯಲು ಮಾಡಿ ಸಂಬಳ ತೆಗೆದುಕೊಳ್ಳುವವಳು. ಅಳಿಯ ಗೂಡ್ಸ್ ರೈಲಿನ ಡ್ರೈವರ್, ಅವರ ಮನೆ ನಮ್ಮ ಓಣಿಯಲ್ಲೇ. ಹೋದರೆ ಮೂರು ದಿನ ಪತ್ತೆಯಿಲ್ಲ, ಬಂದರೆ ಎರಡು ದಿನ ನಿದ್ದೆ. ಇವರಿಬ್ಬರ ಹತ್ತು ತಿಂಗಳ ಹೆಣ್ಣುಕೂಸನ್ನು ನಾನು ಕರೆಯುವುದು ಇನ್‌ಸ್ಪೆಕ್ಟರ್ ಅಂತ. ಕೈಗೆ ಏನು ಸಿಕ್ಕರೂ ಮೊದಲು ತಿರುಗಿಸಿ ನೋಡುತ್ತಾಳೆ, ಆಮೇಲೆ ನೆಕ್ಕಿ ನೋಡುತ್ತಾಳೆ, ಕೊನೆಗೆ ನಮ್ಮನ್ನು ಅನುಮಾನದಿಂದ ನೋಡುತ್ತಾಳೆ.

ಇನ್‌ಸ್ಪೆಕ್ಟರಿಗೆ ಒಂದೇ ಹಟ. ಅವಳಮ್ಮ ಸದಾ ಕಣ್ಣಿಗೆ ಕಾಣುತ್ತಿರಬೇಕು. ಮಗಳು ಸ್ನಾನಕ್ಕೆ ಅಂತ ಬಾಗಿಲು ಹಾಕಿಕೊಂಡರೆ ಸಾಕು, ಓಣಿಯ ಆ ತುದಿಯ ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಬಿಟ್ಟು ಓಡಿ ಬಂದು "ಯಾರಿಗೇನಾಯ್ತು?" ಅಂತ ಕೇಳುವಷ್ಟು ಅರಚಾಟ. ಅಷ್ಟರಲ್ಲಿ ಮಗಳ ರಜೆ ಮುಗಿಯುತ್ತ ಬಂದಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವಳು ಆಸ್ಪತ್ರೆಯಲ್ಲಿರಬೇಕು. ಮಗುವನ್ನು ನಮ್ಮ ಹತ್ತಿರ ಬಿಡಬೇಕು, ಇಲ್ಲವೇ ಕೆಲಸವನ್ನೇ ಬಿಡಬೇಕು. ಆ ಕೆಲಸಕ್ಕೆ ಅವಳು ಎಷ್ಟು ಒದ್ದಾಡಿದ್ದಾಳೆ ಅಂತ ನನಗೆ ಗೊತ್ತು. ಬಿಟ್ಟರೆ ಅವಳು ಯಾವತ್ತೂ ನಗುಮುಖದಲ್ಲಿ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಅನ್ನುವುದೂ ಗೊತ್ತು.

ಬುಧವಾರ ಅವಳು ಒಂದು ಕಾಗದ ಹಿಡಿದುಕೊಂಡು ಬಂದಳು. ಮನೆಯಲ್ಲೇ ಮಾಡಬಹುದಾದ ಮಾಂಟೆಸ್ಸರಿ ಆಟಿಕೆಗಳು ಅಂತ ಮೇಲೆ ದೊಡ್ಡಕ್ಷರ. ಮಕ್ಕಳ ಡಾಕ್ಟರಮ್ಮ ಕೊಟ್ಟಿದ್ದಂತೆ.

"ಅಪ್ಪಾ, ಇದರಲ್ಲಿ ಮೂರಕ್ಕೆ ಗುರುತು ಹಾಕಿದ್ದೀನಿ. ಮರ, ಬಟ್ಟೆ, ಬಳೆ, ಎಲ್ಲಾ ಮನೇಲಿರೋ ಸಾಮಾನೇ. ನಿಮ್ಮ ಕೈ ಚೆನ್ನಾಗಿದೆ, ಮಾಡಿಕೊಡಿ. ಆದ್ರೆ ಒಂದು ಮಾತು."

"ಹೇಳು."

"ಜಾದೂ ಗೀದೂ ಬೇಡ. ಒಂಚೂರೂ ಬೇಡ."

"ನನಗೇನು ತಲೆ ಕೆಟ್ಟಿದ್ಯಾ?" ಅಂದರು ಇವರು. ನಾನು ಉತ್ತರ ಹೇಳಲು ಬಾಯಿ ತೆರೆದೆ, ಮಗಳು ಬೇಡ ಅಂತ ಕಣ್ಣಲ್ಲೇ ಸನ್ನೆ ಮಾಡಿದಳು.

ಮೂರರಲ್ಲಿ ಮುಖ್ಯವಾದದ್ದು ಚೆಂಡು ಬೀಳುವ ಪೆಟ್ಟಿಗೆ. ಮೇಲೆ ಒಂದು ತೂತು, ಒಳಗೆ ಇಳಿಜಾರಾದ ಹಲಗೆ, ಮುಂದೆ ಒಂದು ತಟ್ಟೆ. ಮಗು ತೂತಿನಲ್ಲಿ ಚೆಂಡು ಹಾಕುತ್ತದೆ, ಚೆಂಡು ಕಾಣೆಯಾಗುತ್ತದೆ, ಉರುಳಿಕೊಂಡು ತಟ್ಟೆಗೆ ಬರುತ್ತದೆ. ಕಣ್ಣಿಗೆ ಕಾಣದೇ ಹೋದದ್ದು ಇಲ್ಲವಾಗಿಲ್ಲ, ಎಲ್ಲೋ ಇದೆ, ಬರುತ್ತದೆ, ಅನ್ನುವುದು ಇಂಥ ಆಟದಲ್ಲಿ ನಿಧಾನವಾಗಿ ತಲೆಗೆ ಹೋಗುತ್ತದೆ ಅಂತ ಬರೆದಿತ್ತು. ಅದು ತಲೆಗೆ ಹೋದರೆ ಅಮ್ಮ ಕೆಲಸಕ್ಕೆ ಹೋದರೂ ಬರುತ್ತಾಳೆ ಅನ್ನುವುದೂ ಹೋಗುತ್ತದೆ ಅಂತ ನನ್ನ ಮಗಳ ಆಸೆ. ಭಾನುವಾರದ ಹೊತ್ತಿಗೆ ಅದು ಹೇಗೆ ಹೋಗುತ್ತದೆ ಅಂತ ನಾನು ಕೇಳಲಿಲ್ಲ. ಆಸೆ ಇಟ್ಟುಕೊಂಡವರ ಹತ್ತಿರ ಲೆಕ್ಕ ಕೇಳಬಾರದು.

ಗುರುವಾರ ಬಟ್ಟೆಯ ಡಬ್ಬಿ ತಯಾರಾಯಿತು. ಡಬ್ಬಿಯ ತೂತಿನಿಂದ ಮಗು ಒಂದೊಂದೇ ಬಟ್ಟೆಯ ಚೂರು ಎಳೆದು ತೆಗೆಯಬೇಕು, ಬೆರಳಿಗೆ ಶಕ್ತಿ ಬರಬೇಕು, ಅಷ್ಟೇ. ಇನ್‌ಸ್ಪೆಕ್ಟರ್ ಎಳೆದಳು. ಕೆಂಪು ಬಂತು, ಅದರ ತುದಿಗೆ ಹಳದಿ ಬಂತು, ಅದರ ತುದಿಗೆ ನೀಲಿ ಬಂತು. ಎಳೆದಳು, ಎಳೆದಳು, ಮುಗಿಯಲೇ ಇಲ್ಲ. ಸ್ಟೇಜಿನ ರೇಷ್ಮೆ ಕರವಸ್ತ್ರಗಳನ್ನು ತುದಿಗೆ ತುದಿ ಗಂಟು ಹಾಕಿ ತುರುಕಿದ್ದರು. ಕಾಲು ಗಂಟೆ ಕಳೆದ ಮೇಲೆ ಬಟ್ಟೆಯ ಗುಡ್ಡೆಯೊಳಗಿಂದ ಮಗುವಿನ ಮೂಗು ಮಾತ್ರ ಕಾಣುತ್ತಿತ್ತು.

"ಅಭ್ಯಾಸ ಬಲ ಕಣೇ," ಅಂದರು. ನಾನು ಕತ್ತರಿ ತೆಗೆದುಕೊಂಡು ಗಂಟುಗಳನ್ನೆಲ್ಲ ಕತ್ತರಿಸಿದೆ. ಅವರ ಎದೆಯನ್ನೇ ಕತ್ತರಿಸಿದ ಹಾಗೆ ನೋಡಿದರು.

ಶುಕ್ರವಾರ ಕೋಲಿಗೆ ಬಳೆ ಪೋಣಿಸುವ ಆಟಿಕೆ. ಹಿತ್ತಾಳೆಯ ಬಳೆಗಳು ಫಳಫಳ ಹೊಳೆಯುತ್ತಿದ್ದವು. ಮಗು ಎರಡನ್ನು ಒಂದಕ್ಕೊಂದು ಬಡಿಯಿತು, ಅವು ಸರಪಳಿಯ ಹಾಗೆ ಸಿಕ್ಕಿಕೊಂಡವು. ಬಿಡಿಸಲು ಮಗುವಿಗೆ ಬರಲಿಲ್ಲ, ನನಗೆ ಬರಲಿಲ್ಲ, ರೈಲಿನಿಂದ ಇಳಿದು ಬಂದಿದ್ದ ಅಳಿಯ ಅರ್ಧ ಗಂಟೆ ಬೆವರು ಸುರಿಸಿ ಮಲಗಲು ಹೋದ. ಇವರು ಬಂದು ಬೆರಳಿನಿಂದ ಒಂದು ಸವರು ಸವರಿದರು, ಕಳಚಿತು. ಮುಖದಲ್ಲಿ ಏನು ಗರ್ವ! ನಾನು ಆ ಬಳೆಗಳನ್ನು ಕಿತ್ತುಕೊಂಡು ಅಟ್ಟಕ್ಕೆ ಎಸೆದೆ. ಪೊರಕೆಯ ಕೋಲು ಮುರಿದು, ಕಿಟಕಿ ಪರದೆಯ ಮರದ ಬಳೆ ಬಿಚ್ಚಿ ನಾನೇ ಒಂದು ಮಾಡಿಕೊಟ್ಟೆ.

"ಪೆಟ್ಟಿಗೇಲಿ ಏನಾದ್ರೂ ಕಿತಾಪತಿ ಮಾಡಿದ್ರೆ ನೋಡಿ," ಅಂದೆ. "ಮಗಳು ಕೆಲಸ ಬಿಡ್ತಾಳೆ. ನಿಮ್ಮ ಮುಖ ನೋಡಲ್ಲ. ನಾನೂ ನೋಡಲ್ಲ."

"ಆಣೆಗೂ ಇಲ್ಲ ಕಣೇ. ಬರೀ ಪೆಟ್ಟಿಗೆ. ಹಾಕಿದ್ರೆ ಬರುತ್ತೆ."

ಶನಿವಾರವಿಡೀ ಹಿಂದಿನ ಕೋಣೆಯಿಂದ ಉಜ್ಜುಕಾಗದದ ಸದ್ದು ಬರುತ್ತಿತ್ತು. ಬಾಯಿಗೆ ಹಾಕುವ ಕೂಸು ಅಂತ ಬಣ್ಣ ಬಳಿಯದೆ, ಮೂಲೆಗಳನ್ನೆಲ್ಲ ಗುಂಡಗೆ ತೀಡಿ, ಅಡುಗೆ ಎಣ್ಣೆ ತಿಕ್ಕಿ ನುಣುಪು ಮಾಡಿದರು. ನಾನು ಹಳೆಯ ಸ್ವೆಟರ್ ಬಿಚ್ಚಿ, ನಡುವೆ ಮರದ ಗುಂಡಿಟ್ಟು ಒಂದು ಉಣ್ಣೆಯ ಚೆಂಡು ಹೆಣೆದೆ. ಸಂಜೆ ಮೇಜಿನ ಮೇಲಿಟ್ಟು ಹದಿನೆಂಟು ಸಲ ಹಾಕಿ ತೋರಿಸಿದರು, ಹದಿನೆಂಟು ಸಲವೂ ಚೆಂಡು ಬಂತು. ನನಗೆ ನಿಜವಾಗಿಯೂ ಹೆಮ್ಮೆಯಾಯಿತು. ಚಂದದ ಪೆಟ್ಟಿಗೆ, ಸುಳ್ಳು ಯಾಕೆ ಹೇಳಲಿ.

ಭಾನುವಾರ ಮಧ್ಯಾಹ್ನ ಮಗಳು ನೆಲದ ಮೇಲೆ ಕೂತು ಇನ್‌ಸ್ಪೆಕ್ಟರನ್ನು ಪೆಟ್ಟಿಗೆಯ ಮುಂದೆ ಕೂರಿಸಿದಳು. ಮೊದಲ ಸಲ ಚೆಂಡು ಒಳಗೆ ಹೋಯಿತು, ಉರುಳಿ ಹೊರಗೆ ಬಂತು. ಮಗುವಿನ ಹುಬ್ಬು ಮೇಲೇರಿತು. ಎರಡನೆಯ ಸಲವೂ ಬಂತು. ಮಗು ಕೇಕೆ ಹಾಕಿತು, ಮಗಳು ನನ್ನ ಕಡೆ ನೋಡಿ ನಕ್ಕಳು. ಎಷ್ಟು ತಿಂಗಳ ಮೇಲೆ ಆ ನಗು! ಮೂರನೆಯ ಸಲ ಮಗು ಚೆಂಡು ಹಾಕಿ, ಒಳಗೇನು ನಡೆಯುತ್ತಿದೆ ಅಂತ ತನಿಖೆ ಮಾಡಲು ಎರಡೂ ಅಂಗೈ ಪೆಟ್ಟಿಗೆಯ ಮೇಲೂರಿ ಬಗ್ಗಿತು. ಪೆಟ್ಟಿಗೆ ಒಂದು ಬೆರಳಷ್ಟು ವಾಲಿತು. ಚೆಂಡು ಬರಲಿಲ್ಲ.

ಮಗು ತಟ್ಟೆ ನೋಡಿತು. ತೂತಿನಲ್ಲಿ ಕಣ್ಣಿಟ್ಟು ನೋಡಿತು. ಪೆಟ್ಟಿಗೆಯ ಹಿಂದೆ ಹೋಗಿ ನೋಡಿತು. ಅಜ್ಜನನ್ನು ನೋಡಿತು. ಆಮೇಲೆ ಕೆಳತುಟಿ ಮುಂದೆ ಬಂತು. ತೆವಳಿಕೊಂಡು ಹೋಗಿ ಅಮ್ಮನ ಅಂಗಿಯ ಕಾಲರನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿತು. ಮುಂದಿನ ಸರದಿ ಅಮ್ಮನದೇ ಅಂತ ಅದಕ್ಕೆ ಖಾತ್ರಿಯಾಗಿಬಿಟ್ಟಿತ್ತು. ಆಮೇಲಿನ ಕಿರುಚಾಟಕ್ಕೆ ಇಸ್ತ್ರಿಯವನು ಮೆಟ್ಟಿಲವರೆಗೂ ಬಂದು ಹೋದ.

ಮಗಳು ಒಂದು ಕೈಯಲ್ಲಿ ಮಗು ಹಿಡಿದು, ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಎತ್ತಿ ಅಲ್ಲಾಡಿಸಿದಳು. ಒಳಗೆ ಚೆಂಡಿದೆ, ಆದರೆ ಸದ್ದೇ ಇಲ್ಲ. ನಾನು ಕಸಿದುಕೊಂಡು ತೂತಿನೊಳಗೆ ಬೆರಳು ಹಾಕಿದೆ. ಮಹಾನುಭಾವರು ಒಳಗೆಲ್ಲ ಮಖಮಲ್ಲು ಅಂಟಿಸಿದ್ದರು.

"ಮಖಮಲ್ಲು ಯಾಕ್ರೀ?"

"ಮತ್ತೆ ಸದ್ದಾಗುತ್ತಲ್ಲ?"

"ಮಕ್ಕಳ ಆಟಿಕೆ ಸದ್ದಾದ್ರೆ ಏನ್ರೀ ಗಂಟು ಹೋಗುತ್ತೆ?"

ಅವರು ಪೆಟ್ಟಿಗೆ ಕೈಗೆ ತೆಗೆದುಕೊಂಡು ಹಿಂದಕ್ಕೆ ವಾಲಿಸಿದರು. ಒಳಗೆ ಒಂದು ಸಣ್ಣ ಹಲಗೆ ಮೆತ್ತಗೆ ತೆರೆದುಕೊಂಡಿತು, ಅದರ ಕೆಳಗೆ ಇನ್ನೊಂದು ತಳ, ಅಲ್ಲಿ ಚೆಂಡು. ಅದನ್ನು ನೋಡಿ ಎಲ್ಲರಿಗಿಂತ ಹೆಚ್ಚು ಕಕ್ಕಾಬಿಕ್ಕಿಯಾದವರು ಅವರೇ. "ಇದನ್ನ ಯಾವಾಗ ಹಾಕಿದೆ ನಾನು?" ಅಂತ ತಮ್ಮ ಕೈಗಳನ್ನೇ ನೋಡಿಕೊಂಡರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವಾಗ ಅವರು ಇದಕ್ಕಿಂತ ಚೆನ್ನಾಗಿ ಹೇಳುತ್ತಾರೆ.

ಮಗಳು ಫೋನ್ ಎತ್ತಿಕೊಂಡಳು. "ನಾಳೆ ಬರಲ್ಲ ಅಂತ ಹೇಳಿಬಿಡ್ತೀನಿ. ನಾಳೆ ಅಲ್ಲ, ಇನ್ನು ಬರೋದೇ ಇಲ್ಲ ಅಂತ."

"ಅಯ್ಯೋ, ಒಂದು ಪೆಟ್ಟಿಗೆಗೆ ಯಾರಾದ್ರೂ ಕೆಲಸ ಬಿಡ್ತಾರೇನೇ?" ಅಂದರು ಇವರು.

"ಪೆಟ್ಟಿಗೆಗಲ್ಲ ಅಪ್ಪಾ." ಅವಳ ದನಿ ಏರಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ನನಗೆ ನಾಲ್ಕು ವರ್ಷ. ಪ್ರತಿ ಆಟಕ್ಕೂ ಮುಂದಿನ ಸಾಲಲ್ಲಿ ಕೂರಿಸ್ತಿದ್ರಿ. ಅಮ್ಮ ಆ ಬೀರು ಒಳಗೆ ಹೋಗ್ತಿದ್ಲು. ನೀವು ಬಾಗಿಲು ತೆಗೆದ್ರೆ ಅಮ್ಮ ಇಲ್ಲ. ನಾನು ಕಿರುಚ್ತಿದ್ದೆ, ಜನ ಚಪ್ಪಾಳೆ ಹೊಡೀತಿದ್ರು."

"ಆಮೇಲೆ ಬರ್ತಿದ್ಲಲ್ಲಮ್ಮ ವಾಪಸ್ಸು."

"ಎಷ್ಟು ಹೊತ್ತಾದ್ಮೇಲೆ?"

"ಹನ್ನೊಂದು ನಿಮಿಷ," ಅಂದೆ ನಾನು. ನಡುವೆ ಪಾರಿವಾಳದ ಆಟ, ಇಸ್ಪೀಟಿನ ಆಟ, ಎಲ್ಲ ಮುಗಿದ ಮೇಲೆ ನಾನು ಸಭೆಯ ಹಿಂದಿನ ಬಾಗಿಲಿನಿಂದ ನಗುತ್ತ ಬರುತ್ತಿದ್ದೆ. ಮಗು ಅಷ್ಟು ಅಳುವುದನ್ನು ಕಂಡು ಜನ ಆಟವನ್ನು ನಂಬುತ್ತಿದ್ದರು, ಅದಕ್ಕೇ ಅವಳನ್ನು ಮುಂದಿನ ಸಾಲಿನಿಂದ ಏಳಿಸುತ್ತಿರಲಿಲ್ಲ. ಇದು ನನ್ನ ಗಂಡನ ತಲೆಯಿಂದ ಬಂದ ಉಪಾಯ. ಬೇಡ ಅನ್ನಲು ನನಗೂ ಒಂದು ಬಾಯಿತ್ತು, ಅನ್ನಲಿಲ್ಲ. ಮೂವತ್ತು ವರ್ಷ ನಾವಿಬ್ಬರೂ ಅದನ್ನು ತಮಾಷೆ ಅಂತಲೇ ನೆನೆದುಕೊಂಡು ನಕ್ಕಿದ್ದೇವೆ. ಅವತ್ತು ಮೊದಲ ಸಲ ನನಗೆ ನಾಚಿಕೆಯಾಯಿತು. ಮೈಯೆಲ್ಲ ಬಿಸಿಯಾಗುವಷ್ಟು ನಾಚಿಕೆಯಾಯಿತು.

ಮಗಳು ನನ್ನ ಕಡೆ ತಿರುಗಿದಳು. "ಎಲ್ಲಿಗೆ ಹೋಗ್ತಿದ್ದೆ ನೀನು? ಎಷ್ಟು ಸಲ ಕೇಳಿದ್ದೀನಿ. ಒಂದು ಸಲನೂ ಹೇಳಲಿಲ್ಲ."

"ಹೇಳಬೇಡವೇ, ಅದು ಕಸುಬಿನ ಗುಟ್ಟು," ಅಂದುಬಿಟ್ಟರು ಇವರು. ಬಾಯಿಗೂ ಕೈಯ ಹಾಗೇ ಅಭ್ಯಾಸ ಬಲ. ನಾನು ನೋಡಿದ ನೋಟಕ್ಕೆ ಎರಡು ಹೆಜ್ಜೆ ಹಿಂದೆ ಸರಿದರು.

"ಬಾ," ಅಂದೆ ಮಗಳಿಗೆ. "ಆ ಫೋನ್ ಕೆಳಗಿಡು. ತೋರಿಸ್ತೀನಿ."

ಆ ಬೀರು ಹಿಂದಿನ ಕೋಣೆಯಲ್ಲಿ ಇನ್ನೂ ಇದೆ. ಆಳೆತ್ತರ, ಕಪ್ಪು ಬಣ್ಣ, ಕೆಳಗೆ ನಾಲ್ಕು ಬೆರಳು ದಪ್ಪದ ಪೀಠ. ನಾಲ್ಕು ಬೆರಳು ಅನ್ನುವುದು ಕಣ್ಣಿಗೆ ಮಾತ್ರ, ಅಂಚಿಗೆ ಬಳಿದ ಬಣ್ಣದ ಕೈವಾಡ ಅದು. ಮಗಳು ಹೊಸಿಲಲ್ಲೇ ನಿಂತಳು. ಏಳನೇ ವಯಸ್ಸಿನಿಂದ ಅವಳು ಈ ಕೋಣೆಗೆ ಕಾಲಿಟ್ಟಿಲ್ಲ.

ನಾನು ಒಳಗೆ ಹೋಗಿ ನಿಂತೆ, ಬಾಗಿಲು ಎಳೆದುಕೊಂಡೆ, ಹಿಮ್ಮಡಿಯಿಂದ ಮೂಲೆಯನ್ನು ಒತ್ತಿದೆ. ತಳ ತೆರೆದುಕೊಂಡಿತು. ಇಪ್ಪತ್ತೈದರಲ್ಲಿ ಅಲ್ಲಿಗೆ ಜಾರುವುದು ನೀರು ಕುಡಿದಷ್ಟು ಸುಲಭ. ಈಗ ನನಗೆ ಅರವತ್ತೊಂದು, ಸುತ್ತಳತೆಯ ಮಾತು ಬೇಡ. ಮೊಣಕಾಲು ಹೋಯಿತು, ಹೊಟ್ಟೆ ಉಸಿರು ಬಿಗಿಹಿಡಿದರೆ ಹೋಯಿತು, ಸೊಂಟವನ್ನು ಹೇಗೋ ತುರುಕಿದೆ. ಮೇಲೆ ಹಲಗೆ ಟಪ್ ಅಂತ ಮುಚ್ಚಿಕೊಂಡಿತು. ಕಗ್ಗತ್ತಲೆ, ಮೂಗಿಗೆ ಮೂವತ್ತು ವರ್ಷದ ಧೂಳು.

ಹೊರಗೆ ಇವರು ಬೀರುವಿನ ಬಾಗಿಲು ತೆರೆದದ್ದು ಕೇಳಿಸಿತು. ಅಜ್ಜಿ ಒಳಗೆ ಹೋದದ್ದನ್ನು ಇನ್‌ಸ್ಪೆಕ್ಟರ್ ಕಣ್ಣಾರೆ ಕಂಡಿದ್ದಳು, ಈಗ ಅಜ್ಜಿ ಇಲ್ಲ. ಆಮೇಲೆ ಶುರುವಾಯಿತು ನೋಡಿ.

"ಏ! ಇಲ್ಲೇ ಇದ್ದೀನಿ ಕಣೇ!" ಅಂತ ಕೂಗಿದೆ. "ಎಲ್ಲೂ ಹೋಗಿಲ್ಲ! ಕೆಳಗಿದ್ದೀನಿ, ಹಲಗೆ ಕೆಳಗೆ!"

ಅಳು ನಿಂತಿತು. ನಾನು ಮತ್ತೆ ಕೂಗಿದೆ. ನೆಲದ ಮೇಲೆ ಪಟಪಟ ಅಂಗೈಗಳ ಸದ್ದು, ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಆಮೇಲೆ ನನ್ನ ಕಿವಿಯ ಪಕ್ಕದ ಹಲಗೆಗೇ ಸರಿಯಾಗಿ ಬಿತ್ತು ಒಂದು ಏಟು. "ಆ!" ಅಂದಳು ಹೊರಗಿನಿಂದ. "ಆ!" ಅಂದೆ ಒಳಗಿನಿಂದ. ಇನ್ನೊಂದು ಏಟು, ಇನ್ನೊಂದು "ಆ!" ನನಗೆ ನಗು ಬಂತು. ನಕ್ಕಾಗ ಸೊಂಟ ಇನ್ನಷ್ಟು ಸಿಕ್ಕಿಕೊಂಡಿತು.

"ತೋರಿಸಿದ್ದಾಯ್ತಲ್ಲ, ಮೇಲೆ ಬಾರೇ," ಅಂದರು ಇವರು.

"ಬರಕ್ಕಾದ್ರೆ ಬರ್ತಿರಲಿಲ್ವೇನ್ರೀ?"

"ಸೊಂಟ ಒಂಚೂರು ಎಡಕ್ಕೆ ತಿರುಗಿಸು. ಮೊದಲಿನ ಹಾಗೆ."

"ಮೊದಲಿನ ಸೊಂಟ ಎಲ್ಲಿಂದ ತರಲಿ? ನೀವೇ ಮಾಯ ಮಾಡಿದ್ರಲ್ಲ!"

ಪೀಠದ ಮುಂದಿನ ಹಲಗೆ ಬಿಚ್ಚಬೇಕು, ಬೇರೆ ದಾರಿಯಿಲ್ಲ. ಹದಿನಾರು ಸ್ಕ್ರೂ, ಎಲ್ಲಕ್ಕೂ ತುಕ್ಕು. ಬಿಚ್ಚಿದರೆ ಬೀರು ಮತ್ತೆ ಮೊದಲಿನ ಹಾಗೆ ಕೂಡುವುದಿಲ್ಲ, ಇದು ತಮ್ಮ ಜೀವಮಾನದ ಕೆಲಸ ಅಂತ ಇವರು ಗೊಣಗಿದರು. "ಅಪ್ಪಾ, ಬಿಚ್ಚಿ," ಅಂದಳು ಮಗಳು. ಸ್ಕ್ರೂಡ್ರೈವರ್ ಕಿರ್ ಕಿರ್ ಅನ್ನತೊಡಗಿತು.

ಅವಳು ಬಂದು ಹಲಗೆಯ ಪಕ್ಕ ಕೂತದ್ದು ನನಗೆ ಗೊತ್ತಾಯಿತು. ದನಿ ತೀರಾ ಹತ್ತಿರದಿಂದ ಬಂತು.

"ಇಲ್ಲೇ ಇರ್ತಿದ್ಯಾ?"

"ಇಲ್ಲೇ. ಕೊನೆಗೆ ಬೀರುನ ಪರದೆ ಹಿಂದಕ್ಕೆ ತಳ್ಳಿದ ಮೇಲೆ ಹೊರಗೆ ಬಂದು, ಸುತ್ತಿಕೊಂಡು ಹಿಂದಿನ ಬಾಗಿಲಿಗೆ ಹೋಗ್ತಿದ್ದೆ."

"ನಾನು ಕೂತಿದ್ದ ಜಾಗದಿಂದ ಹತ್ತು ಹೆಜ್ಜೆ ಇಲ್ಲ."

"ಇಲ್ಲ."

"ಅಳೋದು ಕೇಳಿಸ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಕತ್ತಲಲ್ಲಿ ಮುಖವೂ ಕಾಣುವುದಿಲ್ಲ. "ಕೇಳಿಸ್ತಿತ್ತು ಮಗಳೇ. ಒಂದೊಂದು ಸಲನೂ ಕೇಳಿಸ್ತಿತ್ತು."

"ಮತ್ತೆ ಇವತ್ತು ಇವಳಿಗೆ ಕೂಗಿದೆಯಲ್ಲ, ಇಲ್ಲೇ ಇದ್ದೀನಿ ಅಂತ. ನನಗೆ ಯಾಕೆ ಕೂಗಲಿಲ್ಲ?"

"ಒಳಗಿದ್ದಾಗ ಕೆಮ್ಮಬಾರದು, ಸೀನಬಾರದು, ಮಾತಾಡಬಾರದು ಅಂತಿತ್ತು." ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದೆ. "ಕೂಗಬೇಕಿತ್ತು. ಆಟ ಹಾಳಾದ್ರೆ ಹಾಳಾಗಿ ಹೋಗ್ಲಿ ಅಂತ ಕೂಗಬೇಕಿತ್ತು. ತಪ್ಪಾಯ್ತು ಕಣೇ."

ಸ್ಕ್ರೂಡ್ರೈವರ್ ನಿಂತುಹೋಗಿತ್ತು. ಇವರ ದನಿ ಬಂತು. "ನಂದೇ ತಪ್ಪು," ಅಂದರು, ಅಷ್ಟೇ. ನಲವತ್ತು ವರ್ಷದಲ್ಲಿ ಆ ಬಾಯಿಂದ ಆ ಮಾತು ಬಂದದ್ದು ನಾನು ಕೇಳಿರಲಿಲ್ಲ. ಕಾಲು ಜೋಮು ಹಿಡಿದಿರದಿದ್ದರೆ ಇನ್ನೊಂದು ಸಲ ಹೇಳಿಸುತ್ತಿದ್ದೆ.

"ಅಮ್ಮಾ," ಅಂದಳು ಮಗಳು.

"ಹೂಂ."

"ಇದ್ದೀಯಾ?"

"ಇದ್ದೀನಮ್ಮ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಮೂವತ್ತನಾಲ್ಕು ವರ್ಷದ ಹೆಂಗಸು, ದಿನಕ್ಕೆ ನೂರು ಜನರ ಎಲುಬು ನೋಡುವವಳು, ಹದಿನಾರು ಸ್ಕ್ರೂ ಬಿಚ್ಚಿ ಮುಗಿಯುವವರೆಗೂ ಅದನ್ನೇ ಕೇಳುತ್ತಿದ್ದಳು. ನಾನು ಅದನ್ನೇ ಹೇಳುತ್ತಿದ್ದೆ.

ಹಲಗೆ ಬಂದಾಗ ಮೊದಲು ಹೊರಗೆ ಹೋದದ್ದು ನನ್ನ ಕಾಲು. ಇನ್‌ಸ್ಪೆಕ್ಟರ್ ಹೆಬ್ಬೆರಳು ಹಿಡಿದುಕೊಂಡು ತಿರುಗಿಸಿ ನೋಡಿದಳು, ನೆಕ್ಕಿ ನೋಡಿದಳು. ಮಗಳು ನನ್ನನ್ನು ಎಳೆದು ಕೂರಿಸಿ ತಲೆಯ ಧೂಳು ಕೊಡವಿದಳು. ಅವಳ ಕಣ್ಣು ಕೆಂಪಾಗಿತ್ತು.

"ನಾಳೆ ಏಳಕ್ಕೆ ಇವಳನ್ನ ಬಿಟ್ಟು ಹೋಗ್ತೀನಿ," ಅಂದಳು. "ಕದ್ದು ಹೋಗಲ್ಲ, ಹೇಳೇ ಹೋಗ್ತೀನಿ. ಅಳ್ತಾಳೆ."

"ಅಳ್ಲಿ."

"ಸಮಾಧಾನ ಮಾಡೋಕೆ ಅಂತ ಆಟ ಗೀಟ ಕಟ್ಟಬೇಡಿ. ನೀನು ಮಾತಾಡ್ತಾ ಇರು. ನಾನು ಎಲ್ಲಿದ್ದೀನಿ, ಎಷ್ಟು ಹೊತ್ತಿಗೆ ಬರ್ತೀನಿ, ಅದನ್ನೇ ಹೇಳ್ತಾ ಇರು. ಅವಳಿಗೆ ಅರ್ಥ ಆಗಲಿ, ಬಿಡಲಿ."

ಸೋಮವಾರ ಹಾಗೆಯೇ ಆಯಿತು. ಮಗಳು ಮಗುವಿನ ಮುಖ ನೋಡಿ, ಹೋಗಿ ಬರ್ತೀನಿ ಅಂತ ಹೇಳಿ ಹೋದಳು. ಇನ್‌ಸ್ಪೆಕ್ಟರ್ ಬಾಗಿಲಿನ ಹತ್ತಿರ ಕೂತು ಅತ್ತಳು, ನಾನು ಪಕ್ಕದಲ್ಲಿ ಕೂತು ಹೇಳಿದೆ. ನಿಮ್ಮಮ್ಮ ಈಗ ಬಸ್ಸಲ್ಲಿದ್ದಾಳೆ. ಈಗ ಬಿಳಿ ಕೋಟು ಹಾಕ್ಕೊಂಡಿದ್ದಾಳೆ. ಯಾರದೋ ಮುರಿದ ಕೈ ನೋಡ್ತಿದ್ದಾಳೆ. ನಾಲ್ಕಕ್ಕೆ ಹೊರಡ್ತಾಳೆ, ಐದಕ್ಕೆ ಬರ್ತಾಳೆ. ಎಲ್ಲೂ ಹೋಗಿಲ್ಲ, ಇದ್ದಾಳೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಹೇಳಿದೆ.

ಒಂದು ಹೊತ್ತಿನಲ್ಲಿ ಇವರು ಬಂದು ನನ್ನ ಭುಜ ತಟ್ಟಿದರು. "ಏನೇ, ಅವಳು ಮಲಗಿ ಆಗ್ಲೇ ಕಾಲು ಗಂಟೆ ಆಯ್ತು. ಇನ್ನೂ ಯಾರಿಗೆ ಹೇಳ್ತಿದ್ದೀಯ?"

"ನಿಮಗ್ಯಾಕ್ರೀ," ಅಂದೆ. ಆಮೇಲೆ ದನಿ ಸ್ವಲ್ಪ ತಗ್ಗಿಸಿ ಮುಂದುವರಿಸಿದೆ.